ಮನೆ ಬಿಲ್ ನಿಂತ್ರೆ ಲೋಕಾಯುಕ್ತಕ್ಕೆ ಹೋಗಬಹುದಾ? 7 ದಿನ, 6 ತಿಂಗಳು, 5 ವರ್ಷದ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಇವತ್ತು ಒಂದು ಗೋಡೆ ಕಥೆ ಹೇಳ್ತೀನಿ. ಅದು ನಮ್ಮ ದೊಡ್ಡಮ್ಮನ ಮನೆ ಗೋಡೆ. ಲಿಂಟಲ್ ಮಟ್ಟಕ್ಕೆ ಬಂದು ನಿಂತಿದ್ದು, ಹನ್ನೊಂದು ತಿಂಗಳು ಹಂಗೇ ನಿಂತಿತ್ತು. ಊರಿನ ಹೆಸರು ಹೇಳಲ್ಲ, ಪಂಚಾಯ್ತಿ ಹೆಸರೂ ಹೇಳಲ್ಲ. ಯಾಕಂದ್ರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲೂಕಲ್ಲಿ ಯಾವ ಹಳ್ಳಿಗೆ ಹೋದ್ರೂ ಇಂಥ ಒಂದು ಗೋಡೆ ತೋರಿಸೋರು ಸಿಗ್ತಾರೆ. ಕೇಳ್ತಿರೋ ನಿಮ್ಮಲ್ಲೂ ಕೆಲವರಿಗೆ ಈಗಲೇ ಒಂದು ಗೋಡೆ ಕಣ್ಮುಂದೆ ಬಂದಿರುತ್ತೆ.

ದೊಡ್ಡಮ್ಮನದು ಹಳೇ ಮಣ್ಣಿನ ಮನೆ. ವಸತಿ ಯೋಜನೆ ಪಟ್ಟಿಯಲ್ಲಿ ಹೆಸರು ಬಂತು, ವರ್ಕ್ ಆರ್ಡರ್ ಕೈಗೆ ಬಂತು. ಹಳೇ ಮನೆ ಕೆಡವಿದ್ರು. ಜಂತೆ, ತೊಲೆ ಎಲ್ಲಾ ಟಾರ್ಪಾಲ್ ಹೊದಿಸಿ ಹುಣಸೆಮರದ ಕೆಳಗೆ ಇಟ್ರು. ಪಕ್ಕದಲ್ಲಿ ಒಂದು ಶೀಟ್ ಶೆಡ್ ಹಾಕ್ಕೊಂಡ್ರು. ಪಾಯ ಹಾಕಿದ್ರು, ಜಿಪಿಎಸ್ ಫೋಟೊ ಆಯ್ತು, ಪಾಯದ ಬಿಲ್ಲೂ ಬಂತು. ಅಲ್ಲಿತನಕ ಎಲ್ಲಾ ಸರಿ. ಆಮೇಲೆ ಕೈಸಾಲ ಮಾಡಿ ಗೋಡೆ ಎಬ್ಬಿಸಿದ್ರು. ಲಿಂಟಲ್ ಬಿಲ್‌ಗೆ ಅಂತ ಹೋದಾಗ ಬಂದ ಉತ್ತರ ಒಂದೇ ಸಾಲು: 'ನಿಮ್ಮ ಮನೆ ಬ್ಲಾಕ್ ಆಗಿದೆ ಕಣಮ್ಮ, ಮುಂದಿನ ವಾರ ಬನ್ನಿ.'

ಆ ಮುಂದಿನ ವಾರ ಹನ್ನೊಂದು ತಿಂಗಳು ಬರಲೇ ಇಲ್ಲ.

ನಾನು ಬಿ.ಕಾಂ ಓದಿದೋನು, ಲೆಕ್ಕ ಹಾಕದೆ ಇರೋಕಾಗಲ್ಲ. ದೊಡ್ಡಮ್ಮ ತಂದಿದ್ದ ಕೈಸಾಲ 60 ಸಾವಿರ. ನೂರಕ್ಕೆ ಎರಡು ರೂಪಾಯಿ ಬಡ್ಡಿ. ತಿಂಗಳಿಗೆ 1,200. ಹನ್ನೊಂದು ತಿಂಗಳಿಗೆ 13,200. ಪಿಎಂ ಆವಾಸ್ ಗ್ರಾಮೀಣ ಯೋಜನೆಯಲ್ಲಿ ನಮ್ಮಂಥ ಬಯಲು ಪ್ರದೇಶದ ಒಂದು ಮನೆಗೆ ಸಿಗೋದೇ 1 ಲಕ್ಷ 20 ಸಾವಿರ. ಅಂದ್ರೆ ಸರ್ಕಾರ ಕೊಡೋ ಒಂದು ಮನೆ ದುಡ್ಡಿನ ನೂರಕ್ಕೆ ಹನ್ನೊಂದು ಭಾಗ ಬರೀ ಕಾಯೋದ್ರಲ್ಲೇ ಹೋಯ್ತು.

ಆಗ ನನಗೆ ರೋಷ ಬಂತು. 'ದೊಡ್ಡಮ್ಮ, ಲೋಕಾಯುಕ್ತಕ್ಕೆ ಹಾಕ್ಬಿಡೋಣ' ಅಂದೆ. ಅವರು ಹೆದರ್ಕೊಂಡ್ರು. 'ಬ್ಯಾಡ ಮಗಾ, ಕೊಡೋದನ್ನೂ ಕೊಡ್ದಂಗ್ ಮಾಡ್ತಾರೆ.' ನಾನು ಬಿಡಲಿಲ್ಲ. ಎರಡು ಪುಟ ದೂರು ಟೈಪ್ ಮಾಡಿಸಿ, ಪರಿಚಯದ ವಕೀಲರೊಬ್ಬರ ಹತ್ರ ತಗೊಂಡು ಹೋದೆ. ಅವರು ಪೂರ್ತಿ ಓದಿದ್ರು. ಒಂದೇ ಪ್ರಶ್ನೆ ಕೇಳಿದ್ರು.

'ಮನೆ ಬ್ಲಾಕ್ ಆಗಿದೆ ಅಂತ ನಿಮ್ಮ ದೊಡ್ಡಮ್ಮನಿಗೆ ಯಾವತ್ತು ಗೊತ್ತಾಯ್ತು?'

'ಯುಗಾದಿ ಹಿಂದಿನ ವಾರ ಸಾರ್.'

'ಈಗ ಶಿವರಾತ್ರಿ ಬಂತಲ್ಲಪ್ಪ.'

ಅಷ್ಟೇ. ನಮ್ಮ ಕೇಸಿನ ಅರ್ಧ ಜೀವ ಅಲ್ಲೇ ಹೋಯ್ತು. ಯಾಕೆ ಹೋಯ್ತು ಅನ್ನೋದೇ ಇವತ್ತಿನ ಸಂಚಿಕೆ.

ಲೋಕಾಯುಕ್ತ ಅಂದ್ರೆ ಬರೀ ರೇಡ್ ಅಲ್ಲ

ನಮ್ಮ ಕಡೆ ಲೋಕಾಯುಕ್ತ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ರೇಡ್. 2001ರಿಂದ 2006ರವರೆಗೆ ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು ಲೋಕಾಯುಕ್ತರಾಗಿದ್ದಾಗ ಆಫೀಸಿಗೇ ನುಗ್ಗಿ ಪ್ರಶ್ನೆ ಕೇಳ್ತಿದ್ದಿದ್ದು ನಮ್ಮ ಅಪ್ಪ ಅಮ್ಮಂದಿರಿಗೆ ಇನ್ನೂ ನೆನಪಿದೆ. ಆಮೇಲೆ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಬಂದ್ರು. 2011ರ ಜುಲೈನಲ್ಲಿ ಗಣಿ ವರದಿ ಕೊಟ್ರು, ಅದೇ ತಿಂಗಳ ಕೊನೆಗೆ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ರು. ಹಂಗಾಗಿ ನಮ್ಮ ತಲೆಯಲ್ಲಿ ಏನು ಕೂತಿದೆ ಅಂದ್ರೆ, ಮುಖ್ಯಮಂತ್ರೀನೇ ಇಳಿಸಿದೋರಿಗೆ ಒಂದು ಲಿಂಟಲ್ ಬಿಲ್ ಯಾವ ಲೆಕ್ಕ ಅಂತ.

ಇಲ್ಲೇ ನಾವು ಎಡವೋದು. ಕರ್ನಾಟಕ ಲೋಕಾಯುಕ್ತ ಕಾಯ್ದೆ 1984ರದ್ದು, ಸಂಸ್ಥೆ ಕೆಲಸ ಶುರು ಮಾಡಿದ್ದು 1986ರಲ್ಲಿ. ಅದಕ್ಕೆ ಎರಡು ಮುಖ ಇದೆ. ಒಂದು, ಪೊಲೀಸ್ ವಿಭಾಗ. ಲಂಚ ತಗೊಳ್ಳೋರನ್ನ ಟ್ರ್ಯಾಪ್ ಮಾಡೋದು, ಕೇಸ್ ಹಾಕೋದು ಇವರು. ಈ ಅಧಿಕಾರ 2016ರಲ್ಲಿ ಎಸಿಬಿಗೆ ಹೋಗಿತ್ತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿ ರಚನೆಯನ್ನೇ ರದ್ದು ಮಾಡಿದ ಮೇಲೆ ವಾಪಸ್ ಬಂತು. ಇನ್ನೊಂದು ಮುಖ, ವಿಚಾರಣೆ ವಿಭಾಗ. ಸರ್ಕಾರಿ ಕೆಲಸದಲ್ಲಿ ಜನರಿಗೆ ಅನ್ಯಾಯ ಆಗಿದ್ಯಾ, ವಿಳಂಬ ಆಗಿದ್ಯಾ, ಪಕ್ಷಪಾತ ಆಗಿದ್ಯಾ ಅಂತ ನೋಡೋದು ಇದು. ಪ್ರಪಂಚದ ಬೇರೆ ಕಡೆ ಓಂಬುಡ್ಸ್‌ಮನ್ ಅಂತಾರಲ್ಲ, ಆ ಕೆಲಸ. ಪಿಡಿಒ, ಪಂಚಾಯ್ತಿ ಅಧ್ಯಕ್ಷರು, ಸದಸ್ಯರು, ವಸತಿ ನಿಗಮದ ನೌಕರರು, ಇವರ ಮೇಲಿನ ದೂರು ಸಾಮಾನ್ಯವಾಗಿ ಉಪ ಲೋಕಾಯುಕ್ತರ ಹತ್ರ ಹೋಗುತ್ತೆ.

ಮನೆ ಬಿಲ್ ನಿಂತಿರೋ ದೂರು ಈ ಎರಡನೇ ಮುಖದ ಕೆಲಸ. ಈ ಮುಖದ ಕೈಯನ್ನ ಕಾಯ್ದೆ ಕೆಲವು ಕಡೆ ಕಟ್ಟಿಹಾಕಿದೆ. ಆ ಕಟ್ಟು ಎಲ್ಲೆಲ್ಲಿದೆ ಅಂತ ಒಂದೊಂದಾಗಿ ನೋಡೋಣ.

ಒಂದೇ ಮನೆ, ಬೇರೆ ಬೇರೆ ಗಡುವು

ಕಾಯ್ದೆ ದೂರುಗಳನ್ನ ಎರಡು ಜಾತಿ ಮಾಡುತ್ತೆ. ಒಂದು ಕುಂದುಕೊರತೆ. ಇನ್ನೊಂದು ಆರೋಪ.

ಕುಂದುಕೊರತೆ ಅಂದ್ರೆ, ಆಡಳಿತ ಸರಿಯಿಲ್ಲದೆ ನನಗೆ ಅನ್ಯಾಯ ಆಗಿದೆ, ಕಷ್ಟ ಆಗಿದೆ ಅನ್ನೋದು. ಕಾರಣ ಇಲ್ಲದ ವಿಳಂಬಾನೂ ಇದರಲ್ಲಿ ಬರುತ್ತೆ. 'ಗೋಡೆ ಎಬ್ಬಿಸಿದ್ದೀನಿ, ಬಿಲ್ ಕೊಟ್ಟಿಲ್ಲ' ಅನ್ನೋದು ಕುಂದುಕೊರತೆ.

ಆರೋಪ ಅಂದ್ರೆ, ಒಬ್ಬ ಸರ್ಕಾರಿ ನೌಕರ ಅಥವಾ ಜನಪ್ರತಿನಿಧಿ ತನ್ನ ಸ್ಥಾನ ದುರುಪಯೋಗ ಮಾಡಿಕೊಂಡಿದ್ದಾನೆ, ಭ್ರಷ್ಟಾಚಾರ ಮಾಡಿದ್ದಾನೆ, ತನ್ನೋರಿಗೆ ಅನುಕೂಲ ಮಾಡಿಕೊಟ್ಟಿದ್ದಾನೆ ಅನ್ನೋದು. 'ಆರ್‌ಸಿಸಿ ಮನೆ ಇರೋರಿಗೇ ಮತ್ತೆ ಮನೆ ಬರೆದಿದ್ದಾರೆ, ಬರೆದೋರು ಅವರ ಸಂಬಂಧಿಕರು' ಅನ್ನೋದು ಆರೋಪ.

ಈಗ ಸೆಕ್ಷನ್ 8ಕ್ಕೆ ಬನ್ನಿ. ಲೋಕಾಯುಕ್ತರು ಯಾವುದನ್ನ ತನಿಖೆ ಮಾಡೋ ಹಾಗಿಲ್ಲ ಅಂತ ಹೇಳೋ ಸೆಕ್ಷನ್ ಇದು. ಕುಂದುಕೊರತೆ ಆದ್ರೆ, ವಿಷಯ ನಿಮಗೆ ಗೊತ್ತಾದ ದಿನದಿಂದ 6 ತಿಂಗಳೊಳಗೆ ದೂರು ಕೊಡಬೇಕು. ಆರೋಪ ಆದ್ರೆ, ಆ ಕೃತ್ಯ ನಡೆದ ದಿನದಿಂದ 5 ವರ್ಷದೊಳಗೆ ಕೊಡಬಹುದು.

ಇದೇ ಸೆಕ್ಷನ್ನಲ್ಲಿ ಇನ್ನೊಂದು ಮಾತಿದೆ. ನಿಮ್ಮ ಕುಂದುಕೊರತೆಗೆ ಬೇರೆ ಅಧಿಕಾರಿ ಹತ್ರ, ನ್ಯಾಯಮಂಡಳಿ ಹತ್ರ, ಕೋರ್ಟಲ್ಲಿ ಮೇಲ್ಮನವಿ ಹಾಕೋ ದಾರಿ ಇದ್ದು, ನೀವು ಆ ದಾರೀಲಿ ಹೋಗಿಲ್ಲ ಅಂದ್ರೆ, ಲೋಕಾಯುಕ್ತರು ಅದನ್ನ ತನಿಖೆ ಮಾಡೋ ಹಾಗಿಲ್ಲ.

ಈ ಎರಡನ್ನೂ ಜೊತೆಗಿಟ್ಟು ನೋಡಿ. ಒಂದು ಕಡೆ 'ಮೊದಲು ಬೇರೆ ಬಾಗಿಲು ತಟ್ಟಿ ಬಾ' ಅನ್ನುತ್ತೆ. ಇನ್ನೊಂದು ಕಡೆ 'ಗೊತ್ತಾದ ದಿನದಿಂದಲೇ 6 ತಿಂಗಳು ಎಣಿಸ್ತಾ ಇರ್ತೀನಿ' ಅನ್ನುತ್ತೆ. ನೀವು ಬೇರೆ ಬಾಗಿಲಲ್ಲಿ ನಿಂತಿರುವಾಗಲೂ ಗಡಿಯಾರ ಓಡ್ತಾನೇ ಇರುತ್ತೆ.

ನಮ್ಮ ದೊಡ್ಡಮ್ಮ ಸುಮ್ನೆ ಕೂತಿರಲಿಲ್ಲ. ಪಂಚಾಯ್ತಿಗೆ ಹೋಗಿದ್ದಾರೆ, ತಾಲೂಕು ಪಂಚಾಯ್ತಿಗೆ ಹೋಗಿದ್ದಾರೆ, ಮೆಂಬರ್ ಮನೆಗೆ ಹೋಗಿದ್ದಾರೆ. ಕೂಲಿ ಬಿಟ್ಟು ಹೋಗಿದ್ದಾರೆ. ಆದ್ರೆ ಎಲ್ಲಾ ಬಾಯಿ ಮಾತು. ಒಂದು ಅರ್ಜಿ ಇಲ್ಲ, ಒಂದು ಸೀಲ್ ಇಲ್ಲ, ಒಂದು ಸ್ವೀಕೃತಿ ಇಲ್ಲ. ಕಾಗದದ ಲೆಕ್ಕದಲ್ಲಿ ಅವರು ಹನ್ನೊಂದು ತಿಂಗಳು ಏನೂ ಮಾಡಿಲ್ಲ.

ತಡ ಆದ್ರೆ ಪೂರ್ತಿ ಬಾಗಿಲು ಮುಚ್ಚುತ್ತಾ? ಇಲ್ಲ. ತಡಕ್ಕೆ ಸಾಕಷ್ಟು ಕಾರಣ ಇದೆ ಅಂತ ತೋರಿಸಿದ್ರೆ ದೂರು ತಗೋಬಹುದು ಅಂತ ಅದೇ ಸೆಕ್ಷನ್ ಹೇಳುತ್ತೆ. ಆದ್ರೆ ಕಾರಣ ತೋರಿಸೋಕೆ ಮತ್ತೆ ಕಾಗದ ಬೇಕಲ್ಲ! ಬರೀ ಕಾಲಲ್ಲಿ ಅಲೆದೋರ ಹತ್ರ ಏನಿರುತ್ತೆ, ಬಸ್ ಟಿಕೆಟ್ಟೂ ಇರಲ್ಲ. ಈಗ ಹೆಣ್ಮಕ್ಕಳಿಗೆ ಬಸ್ ಫ್ರೀ, ಆ ಟಿಕೆಟ್ಟನ್ನ ಯಾರು ತೆಗೆದಿಡ್ತಾರೆ.

ಯಾವ ಬಾಗಿಲು ಯಾರದು

ಸರಿ, ಮೊದಲು ತಟ್ಟಬೇಕಾದ ಬಾಗಿಲು ಯಾವುದು? ನಮ್ಮ ಕಡೆ ಇದರಲ್ಲೂ ಗೊಂದಲ ಇದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲೂಕು ಮಧುಗಿರಿ ಉಪವಿಭಾಗಕ್ಕೆ ಸೇರುತ್ತೆ. ಹಂಗಾಗಿ ಏನೇ ಆದ್ರೂ ಜನ ಮಧುಗಿರಿ ಎಸಿ ಆಫೀಸಿಗೆ ಅರ್ಜಿ ಹಿಡ್ಕೊಂಡು ಹೋಗ್ತಾರೆ. ಆದ್ರೆ ಅದು ಕಂದಾಯ ಇಲಾಖೆ ದಾರಿ. ಹಕ್ಕುಪತ್ರ, ಸರ್ಕಾರಿ ಜಾಗ, ಇಂಥ ತಕರಾರು ಆದ್ರೆ ತಹಶೀಲ್ದಾರ್, ಎಸಿ. ಮನೆ ಬಿಲ್, ಪಟ್ಟಿ, ಬ್ಲಾಕ್ ಆಗಿರೋದು ಅಂದ್ರೆ ಪಂಚಾಯ್ತಿ ದಾರಿ. ಪಿಡಿಒ, ಆಮೇಲೆ ತಾಲೂಕು ಪಂಚಾಯ್ತಿ ಇಒ, ಆಮೇಲೆ ತುಮಕೂರಿನಲ್ಲಿ ಜಿಲ್ಲಾ ಪಂಚಾಯ್ತಿ ಸಿಇಒ, ಕೊನೆಗೆ ಬೆಂಗಳೂರಲ್ಲಿ ರಾಜೀವ್ ಗಾಂಧಿ ವಸತಿ ನಿಗಮ. ನಿಗಮ ಶುರುವಾಗಿದ್ದು 2000ನೇ ಇಸವಿಯಲ್ಲಿ. ಬಸವ ವಸತಿ, ಅಂಬೇಡ್ಕರ್ ನಿವಾಸ್, ದೇವರಾಜ ಅರಸು ವಸತಿ ಯೋಜನೆ, ಪಿಎಂ ಆವಾಸ್, ಯಾವುದೇ ಹೆಸರಲ್ಲಿ ಮನೆ ಬಂದ್ರೂ ದುಡ್ಡಿನ ದಾರಿ ಈ ನಿಗಮದ ಮೂಲಕಾನೇ.

ಪಿಎಂ ಆವಾಸ್ ಗ್ರಾಮೀಣ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿದೆ, ಅಥವಾ ಕ್ರಮ ತಪ್ಪಿದೆ ಅಂದ್ರೆ ಅದಕ್ಕೆ ಜಿಲ್ಲಾ ಮಟ್ಟದಲ್ಲಿ ಮೇಲ್ಮನವಿ ಸಮಿತಿ ಇರಬೇಕು ಅಂತ ಯೋಜನೆ ಮಾರ್ಗಸೂಚೀಲೇ ಇದೆ. ಗ್ರಾಮಸಭೆಯಲ್ಲಿ ಕೈ ಎತ್ತಿ ಜಗಳ ಆಡಿದ್ದು ಮೇಲ್ಮನವಿ ಅಲ್ಲ. ಬರೆದು ಕೊಡಬೇಕು.

ಇನ್ನೊಂದು ತಮಾಷೆ ನೋಡಿ. ಪಿಎಂ ಆವಾಸ್ ಮನೆ ಕಟ್ಟೋರಿಗೆ ಮನೆ ದುಡ್ಡಿನ ಜೊತೆಗೆ ಉದ್ಯೋಗ ಖಾತ್ರಿಯಿಂದ 90 ದಿನದ ಕೂಲಿ ಅಂತ ಯೋಜನೆ ರೂಪಿಸಿದ್ರು. ಉದ್ಯೋಗ ಖಾತ್ರಿ ಕಾಯ್ದೆ 2005ರ ಅಡಿಯಲ್ಲಿ ಜಿಲ್ಲೆಗೊಬ್ಬ ಓಂಬುಡ್ಸ್‌ಮನ್ ಅನ್ನೋ ವ್ಯವಸ್ಥೇನೂ ಬಂತು. ಅಂದ್ರೆ ಒಂದೇ ಗೋಡೆ. ಅದರ ಕೂಲಿ ದುಡ್ಡು ಬಾಕಿ ಅಂದ್ರೆ ಒಂದು ಬಾಗಿಲು, ಸಿಮೆಂಟು ಕಂಬಿ ದುಡ್ಡು ಬಾಕಿ ಅಂದ್ರೆ ಇನ್ನೊಂದು ಬಾಗಿಲು, ಗೋಡೆ ಕೆಳಗಿನ ಜಾಗದ ತಕರಾರು ಅಂದ್ರೆ ಮೂರನೇ ಬಾಗಿಲು. ದೊಡ್ಡಮ್ಮನಂಥೋರಿಗೆ ಇದೆಲ್ಲಾ ಒಂದೇ: 'ಸರ್ಕಾರದೋರು'.

ಪಾವಗಡದೋರ ಕಷ್ಟ ಇನ್ನೂ ಒಂದು ಕೈ ಜಾಸ್ತಿ. ಪಾವಗಡದಿಂದ ಮಧುಗಿರಿ ಕಡೆ ಬರೋ ಬಸ್ಸು ಸ್ವಲ್ಪ ದೂರ ಆಂಧ್ರದ ನೆಲದ ಮೇಲೆ ಓಡಿ ಮತ್ತೆ ಕರ್ನಾಟಕಕ್ಕೆ ಬರುತ್ತೆ. ಜಿಲ್ಲಾ ಕೇಂದ್ರ ತುಮಕೂರು ನೂರು ಕಿಲೋಮೀಟರ್ ಹತ್ತಿರ. ಎಷ್ಟೋ ಮನೆಯಲ್ಲಿ ಮಾತಾಡೋದು ತೆಲುಗು. ತಿರುಮಣಿ ಸುತ್ತಮುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಎದ್ದು ನಿಂತ ತಾಲೂಕು ಅದು. ಅಲ್ಲಿ ಮನೆ ಬಿಲ್ ನಿಂತ ಒಬ್ಬ ಅಜ್ಜಿ ಒಂದು ಕಚೇರಿಗೆ ಹೋಗಿಬರೋಕೆ ಒಂದು ದಿನದ ಕೂಲಿ ಬಿಡಬೇಕು. ಹಂಗೆ ನಾಲ್ಕು ಕಚೇರಿ ಸುತ್ತೋದ್ರಲ್ಲೇ ಆರು ತಿಂಗಳು ಮುಗಿದಿರುತ್ತೆ.

ಗಡುವಿನೊಳಗೆ ಹೋದ್ರೂ ಏನು ಸಿಗಲ್ಲ

ಈಗ ಅಂದ್ಕೊಳ್ಳಿ, ನೀವು ಟೈಮಿಗೆ ಸರಿಯಾಗಿ ಹೋದ್ರಿ. ದೂರಿಗೆ ಒಂದು ನಮೂನೆ ಇದೆ, ಜೊತೆಗೆ ಪ್ರಮಾಣಪತ್ರದ ನಮೂನೆ ಇದೆ. ನೋಟರಿ ಮುಂದೆ ಪ್ರಮಾಣ ಮಾಡಿಸಿ ಎರಡೂ ಕೊಟ್ರಿ. ಆಗಲೂ ಮೂರು ವಿಷಯ ತಿಳ್ಕೊಂಡಿರಿ.

ಒಂದು. ಪಟ್ಟಿಯಲ್ಲಿ ಯಾರನ್ನ ಸೇರಿಸಬೇಕು ಅನ್ನೋ ತೀರ್ಮಾನ ಲೋಕಾಯುಕ್ತರು ಮಾಡಲ್ಲ. ಇಬ್ಬರು ಬಡವರಿದ್ದು ಒಂದೇ ಮನೆ ಇದ್ದಾಗ, ಗ್ರಾಮಸಭೆ ಒಬ್ಬರನ್ನ ಆರಿಸಿತು ಅಂದ್ರೆ, 'ನೀವು ಇವರನ್ನ ಆರಿಸಬೇಕಿತ್ತು' ಅನ್ನೋ ಹಾಗಿಲ್ಲ. ವಿವೇಚನೆ ಬಳಸಿ ಮಾಡಿದ ತೀರ್ಮಾನವನ್ನ, ಅದು ಮೇಲ್ನೋಟಕ್ಕೇ ತಪ್ಪಾಗಿ ಬಳಸಿದ್ದು ಅಂತ ಕಂಡಾಗ ಮಾತ್ರ ಪ್ರಶ್ನಿಸಬಹುದು.

ಎರಡು. ನಡುವೆ ಇರೋ ಮಧ್ಯವರ್ತಿ ಮೇಲೆ ಈ ವಿಚಾರಣೆ ನಡೆಯಲ್ಲ. 'ನಿಮ್ಮ ಫೈಲ್ ನಾನು ಮಾಡಿಸಿಕೊಡ್ತೀನಿ' ಅಂತ ಓಡಾಡೋನು ಇರ್ತಾನಲ್ಲ, ಅವನು ಸರ್ಕಾರಿ ನೌಕರನೂ ಅಲ್ಲ, ಸದಸ್ಯನೂ ಅಲ್ಲ. ಕಾಯ್ದೆ ಹೇಳೋ ಸಾರ್ವಜನಿಕ ನೌಕರನ ಪಟ್ಟಿಯಲ್ಲಿ ಅವನಿಗೆ ಜಾಗ ಇಲ್ಲ.

ಮೂರು, ಇದು ಮುಖ್ಯ. ಲೋಕಾಯುಕ್ತರು ಅಥವಾ ಉಪ ಲೋಕಾಯುಕ್ತರು ತನಿಖೆ ಮಾಡಿ, ಹೌದು ಅನ್ಯಾಯ ಆಗಿದೆ ಅಂತ ಕಂಡ್ರೂ, ಬಿಲ್ ಪಾಸ್ ಮಾಡಿ ಅಂತ ಕೋರ್ಟಿನ ಹಾಗೆ ತೀರ್ಪು ಬರೆಯಲ್ಲ. ಶಿಫಾರಸು ಮಾಡ್ತಾರೆ. ಇಂತಿಷ್ಟು ದಿನದಲ್ಲಿ ಇದನ್ನ ಸರಿಮಾಡಿ ಅಂತ ಮೇಲಧಿಕಾರಿಗೆ ವರದಿ ಕಳಿಸ್ತಾರೆ. ಆ ಗಡುವು ಮುಗಿದು ಒಂದು ತಿಂಗಳೊಳಗೆ ಏನು ಮಾಡಿದ್ವಿ ಅಂತ ಅವರು ತಿಳಿಸಬೇಕು. ತೃಪ್ತಿ ಆಗಲಿಲ್ಲ ಅಂದ್ರೆ ರಾಜ್ಯಪಾಲರಿಗೆ ವಿಶೇಷ ವರದಿ, ಅಲ್ಲಿಂದ ವಿಧಾನಮಂಡಲದ ಮುಂದೆ. 2011ರಲ್ಲಿ ಗಣಿ ವರದಿ ಕುರ್ಚಿ ಅಲ್ಲಾಡಿಸಿತು ಅಂದ್ರೆ, ಅದರ ಹಿಂದೆ ಇಡೀ ರಾಜ್ಯದ ಟಿವಿ ಕ್ಯಾಮೆರಾ ಇತ್ತು. ಒಂದು ಲಿಂಟಲ್ ಬಿಲ್ ಹಿಂದೆ ಯಾವ ಕ್ಯಾಮೆರಾನೂ ಇರಲ್ಲ.

ಇಷ್ಟಾದ್ರೂ ಬಹುಪಾಲು ಕಡೆ ಲೋಕಾಯುಕ್ತರ ಒಂದು ನೋಟಿಸ್ ಬಂದ್ರೆ ಫೈಲ್ ಮೇಜಿನ ಮೇಲೆ ಬರುತ್ತೆ ಅಂತ ಜನ ಹೇಳ್ತಾರೆ, ಅದನ್ನ ನಾನೂ ನಂಬ್ತೀನಿ. ಅದಕ್ಕೇ ಈ ಬಾಗಿಲು ಬೇಡ ಅಂತ ನಾನು ಹೇಳ್ತಿಲ್ಲ.

ಈ ಮಿತಿ ಯಾಕಿದೆ?

ಇನ್ನೊಂದು ಕಡೆ ಮಾತನ್ನೂ ಹೇಳಬೇಕು, ಇಲ್ಲಾಂದ್ರೆ ಅನ್ಯಾಯ ಆಗುತ್ತೆ. ಹತ್ತು ವರ್ಷ ಹಿಂದಿನ ದೂರು ಇವತ್ತು ತಂದ್ರೆ ಆಗ ಇದ್ದ ಪಿಡಿಒ ವರ್ಗ ಆಗಿರ್ತಾರೆ, ಫೈಲ್ ಸಿಗಲ್ಲ, ಸಾಕ್ಷಿ ಇರಲ್ಲ. ಗಡುವು ಬೇಕು. ಪಂಚಾಯ್ತಿ ಮಟ್ಟದಲ್ಲೇ ಬಗೆಹರಿಯೋದೆಲ್ಲಾ ನೇರ ಬೆಂಗಳೂರಿಗೆ ಹೋದ್ರೆ ಅಲ್ಲಿ ರಾಶಿ ಬೀಳುತ್ತೆ. ಗ್ರಾಮಸಭೆ ಮಾಡಿದ ಆಯ್ಕೆಯನ್ನ ನಿವೃತ್ತ ನ್ಯಾಯಾಧೀಶರು ಕೂತು ತಿದ್ದೋ ಹಂಗಾದ್ರೆ ಗ್ರಾಮಸಭೆಗೆ ಬೆಲೆ ಎಲ್ಲಿ? ಇದೆಲ್ಲಾ ಒಪ್ತೀನಿ.

ನಾನು ಒಪ್ಪದೇ ಇರೋದು ಒಂದೇ. ಗಡಿಯಾರ ಶುರುವಾಗೋ ಜಾಗ.

ಇಂಗ್ಲೆಂಡ್ ಉದಾಹರಣೆ ಕೊಡ್ತೀನಿ, ಯಾಕಂದ್ರೆ ಅಲ್ಲಿ ಬಡವರ ಬಾಡಿಗೆ ಮನೆಗಳಿಗೇ ಅಂತ ಬೇರೆ ಹೌಸಿಂಗ್ ಓಂಬುಡ್ಸ್‌ಮನ್ ಇದ್ದಾರೆ. ಅವರಿಗೂ ಮಿತಿಗಳಿವೆ. ಮನೆ ಹಂಚಿಕೆ ಪಟ್ಟಿ ದೂರು ಇನ್ನೊಬ್ಬ ಓಂಬುಡ್ಸ್‌ಮನ್‌ಗೆ ಹೋಗುತ್ತೆ. ಮೊದಲೆಲ್ಲಾ ಬಾಡಿಗೆದಾರರು ಎಂಪಿ ಅಥವಾ ಕೌನ್ಸಿಲರ್ ಮೂಲಕ ಹೋಗಬೇಕಿತ್ತು, ಇಲ್ಲಾಂದ್ರೆ ಎಂಟು ವಾರ ಕಾಯಬೇಕಿತ್ತು. ನಮ್ಮಲ್ಲಿ ಮೆಂಬರ್ ಮನೆಗೆ ಹೋಗ್ತೀವಲ್ಲ, ಹಂಗೇ.

2020ರ ಡಿಸೆಂಬರ್‌ನಲ್ಲಿ ರಾಚ್‌ಡೇಲ್ ಅನ್ನೋ ಊರಲ್ಲಿ ಅವಾಬ್ ಇಶಾಕ್ ಅನ್ನೋ ಎರಡು ವರ್ಷದ ಮಗು ತೀರಿಹೋಯ್ತು. ಮನೆ ಗೋಡೆಗಳ ತುಂಬಾ ಬೂಷ್ಟು ಹಿಡಿದಿತ್ತು, ಅಪ್ಪ ದೂರು ಕೊಡ್ತಾನೇ ಬಂದಿದ್ರು. ಆ ಬೂಷ್ಟೇ ಸಾವಿಗೆ ಕಾರಣ ಅಂತ 2022ರ ನವೆಂಬರ್‌ನಲ್ಲಿ ಮರಣ ವಿಚಾರಣೆ ಹೇಳಿತು. 2023ರಲ್ಲಿ ಹೊಸ ಕಾನೂನೇ ಬಂತು. ಎಂಪಿ ಮೂಲಕ ಹೋಗೋ ಶರತ್ತನ್ನ 2022ರ ಅಕ್ಟೋಬರ್‌ನಲ್ಲೇ ತೆಗೆದಿದ್ರು. ಇನ್ನು ಗಡುವಿನ ವಿಷಯ. ಮನೆ ಕೊಟ್ಟ ಸಂಸ್ಥೆಗೆ ಮೊದಲ ದೂರು ಕೊಡೋಕೆ ಅಲ್ಲೂ ಸಾಮಾನ್ಯವಾಗಿ 6 ತಿಂಗಳೇ ಇತ್ತು. 2024ರ ಏಪ್ರಿಲ್‌ನಿಂದ ಅದನ್ನ 12 ತಿಂಗಳು ಮಾಡಿದ್ರು. ಆ ಸಂಸ್ಥೆ ಕೊನೆ ಉತ್ತರ ಕೊಟ್ಟ ಮೇಲೆ, ಓಂಬುಡ್ಸ್‌ಮನ್ ಹತ್ರ ಹೋಗೋಕೆ ಮತ್ತೆ 12 ತಿಂಗಳು.

ಅಲ್ಲಿ ಎರಡನೇ ಗಡಿಯಾರ ಶುರುವಾಗೋದು ಕೆಳಗಿನ ಕಚೇರಿ ಲಿಖಿತ ಉತ್ತರ ಕೊಟ್ಟ ಮೇಲೆ. ನಮ್ಮಲ್ಲಿ ಶುರುವಾಗೋದು ವಿಷಯ ಗೊತ್ತಾದ ದಿನವೇ. ಕೆಳಗಿನವರು 'ಮುಂದಿನ ವಾರ ಬನ್ನಿ' ಅಂತ ಹೇಳಿದಷ್ಟೂ ನಮ್ಮ ಟೈಮು ಕರಗುತ್ತೆ, ಅವರದಲ್ಲ. ತಡ ಮಾಡಿದೋರಿಗೇ ಆ ತಡದಿಂದ ಲಾಭ. ಇದಕ್ಕೆ ಬೇಕಿರೋ ತಿದ್ದುಪಡಿ ದೊಡ್ಡದೇನಲ್ಲ. ಬ್ಲಾಕ್ ಆದ ಪ್ರತಿ ಮನೆಗೂ ಪಂಚಾಯ್ತಿಯಿಂದ ಕಾರಣ ಬರೆದ ಒಂದು ಹಿಂಬರಹ ಸಿಗಬೇಕು, ಆರು ತಿಂಗಳ ಎಣಿಕೆ ಆ ಹಿಂಬರಹದ ದಿನದಿಂದ ಶುರುವಾಗಬೇಕು. ನಮ್ಮ ಎಂಎಲ್ಎಗಳು ಎಷ್ಟು ಮನೆ ತಂದ್ವಿ ಅಂತ ಫ್ಲೆಕ್ಸ್ ಹಾಕ್ತಾರೆ. ಮುಂದಿನ ಸಲ ನಿಮ್ಮೂರಿಗೆ ಬಂದಾಗ ಈ ಒಂದು ಪ್ರಶ್ನೆ ಕೇಳಿ.

ಅಲ್ಲಿತನಕ ನಾವೇನು ಮಾಡೋದು

ಕಾಯ್ದೆ ಬದಲಾಗೋ ತನಕ ಗೋಡೆ ಕಾಯಲ್ಲ. ಫೋನ್ ತೆಗೆದು ನೋಟ್ಸ್‌ನಲ್ಲಿ ಬರ್ಕೊಳ್ಳಿ.

ಮೊದಲನೇದು, ಬಾಯಿ ಮಾತು ಬೇಡ. ಬ್ಲಾಕ್ ಆಗಿದೆ, ಬಿಲ್ ಆಗಲ್ಲ ಅಂತ ಹೇಳಿದ ದಿನಾನೇ ಬಿಳಿ ಹಾಳೆ ಮೇಲೆ ನಾಲ್ಕು ಸಾಲು ಬರೆದು ಕೊಡಿ. ಎರಡು ಪ್ರತಿ. ನಿಮ್ಮ ಪ್ರತಿ ಮೇಲೆ ಸೀಲ್, ತಾರೀಕು, ಸಹಿ ಹಾಕಿಸ್ಕೊಳ್ಳಿ. ಹಾಕಲ್ಲ ಅಂದ್ರೆ ಸ್ಪೀಡ್ ಪೋಸ್ಟ್ ಮಾಡಿ, ಆ ರಸೀದಿ ಇಟ್ಕೊಳ್ಳಿ. 1902ಕ್ಕೆ ಫೋನ್ ಮಾಡಿ ಜನಸ್ಪಂದನದಲ್ಲಿ ದೂರು ದಾಖಲಿಸಿದ್ರೆ ಅದರ ನಂಬರ್ ಬರ್ಕೊಳ್ಳಿ. ಅದೂ ಸಾಕ್ಷೀನೇ.

ಎರಡನೇದು, ಆರ್‌ಟಿಐ. ನಮ್ಮ ಮನೆ ಯಾಕೆ ಬ್ಲಾಕ್ ಆಗಿದೆ, ಯಾವ ದಿನ ಆಗಿದೆ, ಯಾರ ಲಾಗಿನ್‌ನಿಂದ ಆಗಿದೆ, ದಾಖಲೆ ಕೊಡಿ ಅಂತ ಕೇಳಿ. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ರೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು.

ಮೂರನೇದು, ಕ್ಯಾಲೆಂಡರಲ್ಲಿ ಗುರುತು ಹಾಕಿ. ಗೊತ್ತಾದ ದಿನದಿಂದ ಮೂರು ತಿಂಗಳಿಗೆ ಒಂದು ರಿಮೈಂಡರ್, ಐದು ತಿಂಗಳಿಗೆ ಒಂದು. ಮೂರನೇ ತಿಂಗಳೊಳಗೆ ಇಒ, ಸಿಇಒ ಇಬ್ಬರಿಗೂ ಅರ್ಜಿ ಹೋಗಿರಬೇಕು. ಐದನೇ ತಿಂಗಳಿಗೂ ಉತ್ತರ ಇಲ್ಲ ಅಂದ್ರೆ, ಆ ಎಲ್ಲಾ ಸ್ವೀಕೃತಿ ಲಗತ್ತಿಸಿ ಲೋಕಾಯುಕ್ತಕ್ಕೆ ಕಳಿಸಿ. ಕನ್ನಡದಲ್ಲೇ ಬರೆಯಿರಿ.

ನಾಲ್ಕನೇದು, ದೂರಲ್ಲಿ ಸಿಟ್ಟು ಬೆರೆಸಬೇಡಿ. ಬಿಲ್ ಬಂದಿಲ್ಲ ಅನ್ನೋದು ಕುಂದುಕೊರತೆ, ಅದನ್ನ ಅಷ್ಟಕ್ಕೇ ಬರೆಯಿರಿ. ದಾಖಲೆ ಇದ್ರೆ ಮಾತ್ರ ಪಕ್ಷಪಾತದ ಆರೋಪ ಬರೆಯಿರಿ, ಅದಕ್ಕೆ 5 ವರ್ಷ ಟೈಮಿದೆ. ಬೇಕಂತಲೇ ಸುಳ್ಳು ದೂರು ಕೊಟ್ರೆ 3 ವರ್ಷದವರೆಗೆ ಜೈಲು ಅಂತ ಅದೇ ಕಾಯ್ದೇಲಿದೆ. ನಿಜ ಹೇಳೋರು ಹೆದರಬೇಕಾಗಿಲ್ಲ, ಆದ್ರೆ ಊರ ದ್ವೇಷಕ್ಕೆ ಇದನ್ನ ಬಳಸಬೇಡಿ.

ಐದನೇದು, ಶೀರ್ಷಿಕೆಯಲ್ಲಿ ಹೇಳಿದ 7 ದಿನ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಲಂಚ ಕೇಳಿದ್ರೆ, ಕೊಡೋಕೆ ಮುಂಚೆ ಲೋಕಾಯುಕ್ತ ಪೊಲೀಸರ ಹತ್ರ ಹೋಗಿ. ತುಮಕೂರಿನಲ್ಲೇ ಅವರ ಕಚೇರಿ ಇದೆ. 2018ರ ತಿದ್ದುಪಡಿ ಆದ ಮೇಲೆ ಲಂಚ ಕೊಡೋದೂ ಅಪರಾಧ. ಬಲವಂತಕ್ಕೆ ಕೊಟ್ಟುಬಿಟ್ಟಿದ್ರೆ 7 ದಿನದೊಳಗೆ ಪೊಲೀಸರಿಗೆ ತಿಳಿಸಬೇಕು. ತಿಳಿಸಿದ್ರೆ ನಿಮಗೆ ರಕ್ಷಣೆ ಇದೆ. 'ಹೋದ ವರ್ಷ ಐದು ಸಾವಿರ ಕೊಟ್ಟಿದ್ದೆ, ಈಗ ಹೇಳ್ತೀನಿ' ಅಂದ್ರೆ ನೀವೇ ಸಿಕ್ಕಿಬೀಳೋ ಸಾಧ್ಯತೆ ಇದೆ.

ಇದೆಲ್ಲಾ ಯಾರು ಮಾಡಬೇಕು ಅಂದ್ರೆ, ನಾವು. ಫೋನ್ ಹಿಡ್ಕೊಂಡಿರೋ ನಾವು. ಮನೆಯಲ್ಲಿ ದೊಡ್ಡೋರು ಕಚೇರಿಗೆ ಹೋಗಿ ಬಂದಾಗ 'ಏನಂದ್ರು?' ಅಂತ ಮಾತ್ರ ಕೇಳಬೇಡಿ. 'ಏನು ಬರೆದುಕೊಟ್ರು?' ಅಂತ ಕೇಳಿ.

ಹಂ, ದೊಡ್ಡಮ್ಮನ ಗೋಡೆ ಏನಾಯ್ತು ಅಂತ ಹೇಳಬೇಕಲ್ಲ. ವಕೀಲರು ಹೇಳಿದಂತೆ ಲೋಕಾಯುಕ್ತದ ದೂರನ್ನ ಪಕ್ಕಕ್ಕಿಟ್ಟು, ಮೊದಲ ಮೆಟ್ಟಿಲಿಂದ ಶುರು ಮಾಡಿದ್ವಿ. ಲಿಖಿತ ಅರ್ಜಿ, ಆರ್‌ಟಿಐ, ಮೇಲಿನ ಕಚೇರಿಗೆ ಅರ್ಜಿ. ಕಾರಣ ಕೊನೆಗೂ ಕಾಗದದ ಮೇಲೆ ಬಂತು: ಫೋಟೊ ನಿಗದಿತ ದಿನದೊಳಗೆ ಅಪ್‌ಲೋಡ್ ಆಗಿಲ್ಲ. ಫೋಟೊ ತೆಗೆದಿದ್ದು ದೊಡ್ಡಮ್ಮ ಅಲ್ಲ, ಅಪ್‌ಲೋಡ್ ಮಾಡಬೇಕಾಗಿದ್ದೂ ಅವರಲ್ಲ. ಅದನ್ನೇ ಬರೆದು ಕೊಟ್ವಿ. ಬ್ಲಾಕ್ ತೆಗೆದ್ರು, ಲಿಂಟಲ್ ಬಿಲ್ ಬಂತು. 13,200 ರೂಪಾಯಿ ಬಡ್ಡಿ ವಾಪಸ್ ಬರಲಿಲ್ಲ, ಅದನ್ನ ಕೊಡಿಸೋ ಬಾಗಿಲು ನನಗೆ ಸಿಗಲಿಲ್ಲ. ಚಾವಣಿ ಬಿಲ್ ಇನ್ನೂ ಬರಬೇಕು.

ಮೊನ್ನೆ ಊರಿಗೆ ಹೋಗಿದ್ದೆ. ದೊಡ್ಡಮ್ಮ ರೇಷನ್ ಕಾರ್ಡ್ ಇಡೋ ಪ್ಲಾಸ್ಟಿಕ್ ಕವರಿನೊಳಗೆ ಸೀಲ್ ಹಾಕಿದ ಅರ್ಜಿ ಪ್ರತಿ ಎಲ್ಲಾ ಜೋಡಿಸಿಟ್ಟಿದ್ದಾರೆ. ಚಾವಣಿ ಫೋಟೊ ತೆಗೆಯೋಕೆ ಬಂದೋರಿಗೆ ಹೇಳಿದ್ರಂತೆ: 'ತಗಂಡ್ರಾ ಸಾರ್? ತಗಂಡೆ ಅಂತ ಒಂದ್ ಚೀಟಿ ಬರ್ಕೊಟ್ಟು ಹೋಗಿ.'

ನಿಮ್ಮ ಮನೆಯಲ್ಲೋ, ಪಕ್ಕದ ಮನೆಯಲ್ಲೋ ಇಂಥ ಗೋಡೆ ನಿಂತಿದ್ರೆ ಈ ಸಂಚಿಕೆ ಅವರಿಗೆ ಕಳಿಸಿ. ಕೇಳೋಕೆ ಪುರುಸೊತ್ತಿಲ್ಲ ಅಂದ್ರೆ ಇಷ್ಟು ಮಾತ್ರ ಹೇಳಿ: ಲಂಚಕ್ಕೆ 7 ದಿನ, ಕುಂದುಕೊರತೆಗೆ 6 ತಿಂಗಳು, ಆರೋಪಕ್ಕೆ 5 ವರ್ಷ. ನಿಮ್ಮ ಅನುಭವ ವಾಯ್ಸ್ ನೋಟ್ ಮಾಡಿ ಕಳಿಸಿ, ಊರಿನ ಹೆಸರು ಬೇಡ ಅಂದ್ರೆ ಹೇಳಲ್ಲ. ಮುಂದಿನ ವಾರ ಸಿಗೋಣ. ನಮ್ಮ ಮುಂದಿನ ವಾರ ಅಂದ್ರೆ ನಿಜವಾಗ್ಲೂ ಮುಂದಿನ ವಾರಾನೇ.